ಹಾಲುಹಲ್ಲು ಹೇಗಿದ್ದರೂ ಬಿದ್ದು ಹೋಗುತ್ತದೆ, ಚಿಕಿತ್ಸೆ ಯಾಕೆ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ರೇಷ್ಮೆಹುಳು ಸಾಕುತ್ತೇವೆ. ಮಗಳಿಗೆ ಮೂರೂವರೆ ವರ್ಷ. ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲು ಕಂದುಬಣ್ಣಕ್ಕೆ ತಿರುಗಿ ಅಂಚು ಪುಡಿಯಾಗುತ್ತಿದೆ. ನೋವು ಅಂತ ಹೇಳುವುದಿಲ್ಲ. ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿದ್ದರೇ ನಿದ್ದೆ. ಪಟ್ಟಣದ ಡಾಕ್ಟರು ಮುಂದಿನ ಹಲ್ಲುಗಳಿಗೆ ಸಿಲ್ವರ್ ಔಷಧ ಹಚ್ಚೋಣ, ಕಪ್ಪಾಗುತ್ತದೆ ಅಂದರು. ಹಿಂದಿನ ಒಂದು ದವಡೆ ಹಲ್ಲಿಗೆ ಕ್ಯಾಪ್ ಬೇಕಂತೆ. ಅತ್ತೆಯವರು "ಹಾಲುಹಲ್ಲು ತಾನೇ, ಬಿದ್ದು ಹೋಗುತ್ತೆ ಬಿಡು" ಅನ್ನುತ್ತಾರೆ. ನಮ್ಮ ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ಇದೆ, ಇನ್ನು ಫ್ಲೋರೈಡ್ ಪೇಸ್ಟ್ ಬೇರೆ ಬೇಡ ಅನ್ನುತ್ತಾರೆ ಪಕ್ಕದ ಮನೆಯವರು. ಚಿಕ್ಕವನಿಗೆ ಎಂಟು ತಿಂಗಳು, ಕೆಳಗೆ ಎರಡು ಹಲ್ಲು ಬಂದಿವೆ. ಏನು ಮಾಡಲಿ?

ಉತ್ತರ: ನೀವು ಮಗಳ ಮುಂದಿನ ನಾಲ್ಕು ಹಲ್ಲು ನೋಡಿ ಗಾಬರಿಯಾಗಿದ್ದೀರಿ. ನನಗೆ ಚಿಂತೆ ಇರುವುದು ಹಿಂದಿನ ದವಡೆ ಹಲ್ಲುಗಳದ್ದು. ಆ ಕ್ಯಾಪ್ ವಿಷಯವನ್ನು ನೀವು ಒಂದೇ ಸಾಲಲ್ಲಿ ಹೇಳಿ ಮುಂದೆ ಹೋದಿರಿ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ತುರ್ತಿನ ಮಾತು ಅದೇ.

ಅತ್ತೆಯವರ ಮಾತಿಂದಲೇ ಶುರು ಮಾಡೋಣ. ಅವರು ಹೇಳಿದ್ದು ಅರ್ಧ ನಿಜ. ಮುಂದಿನ ಹಲ್ಲುಗಳು ಆರರಿಂದ ಎಂಟು ವರ್ಷದೊಳಗೆ ಬೀಳುತ್ತವೆ. ಆದರೆ ಹಾಲುಹಲ್ಲು ಒಟ್ಟು 20. ಅದರಲ್ಲಿ ಎಂಟು ದವಡೆ ಹಲ್ಲು. ಅವು ಬೀಳುವುದು ಒಂಬತ್ತರಿಂದ ಹನ್ನೆರಡು ವರ್ಷದ ನಡುವೆ. ಅಂದರೆ ಈಗ ಹುಳುಕಾಗಿರುವ ಆ ದವಡೆ ಹಲ್ಲನ್ನು ನಂಬಿಕೊಂಡು ನಿಮ್ಮ ಮಗಳು ಇನ್ನೂ ಆರೇಳು ವರ್ಷ ಮುದ್ದೆ ಪಕ್ಕದ ಕಾಳು, ರೊಟ್ಟಿ, ಕಡಲೆಕಾಯಿ ಅಗಿಯಬೇಕು. ಅಷ್ಟು ದಿನ ಹುಳುಕು ಸುಮ್ನೆ ಕೂರುವುದಿಲ್ಲ. ಹಾಲುಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ಆಮೇಲೆ ಬರುವ ಗಟ್ಟಿ ಹಲ್ಲಿನದಕ್ಕಿಂತ (ಶಾಶ್ವತ ಹಲ್ಲು) ಸುಮಾರು ಅರ್ಧದಷ್ಟೇ ದಪ್ಪ. ಒಳಗಿನ ನರದ ಕೋಣೆ ದೊಡ್ಡದು. ಹಾಗಾಗಿ ಮೇಲೆ ಸಾಸಿವೆಯಷ್ಟು ತೂತು ಕಂಡರೂ ಒಳಗೆ ನರದ ಹತ್ತಿರ ಹೋಗಿರುತ್ತದೆ. ನರ ಮುಟ್ಟಿದ ಮೇಲೆ ರಾತ್ರಿ ಎದ್ದು ಅಳು, ಒಸಡಿನ ಮೇಲೆ ಕೀವುಗುಳ್ಳೆ, ಕೆನ್ನೆ ಬಾವು. ಆ ಹಲ್ಲಿನ ಬೇರಿನ ಕೆಳಗೇ ಗಟ್ಟಿ ಹಲ್ಲು ರೂಪುಗೊಳ್ಳುತ್ತಿರುತ್ತದೆ. ಮೇಲಿನ ಕೀವು ಅದರ ಎನಾಮಲನ್ನು ಕೆಡಿಸಬಹುದು. ಆಮೇಲೆ ಹುಟ್ಟುವ ಹೊಸ ಹಲ್ಲೇ ಹಳದಿ ಕಲೆ, ಗುಳಿ ಹೊತ್ತು ಬರುತ್ತದೆ.

ಇನ್ನೊಂದು ಕೆಲಸವನ್ನೂ ಹಾಲುದವಡೆ ಮಾಡುತ್ತದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ, ಕೆಳಗಿನ ಗಟ್ಟಿ ಹಲ್ಲಿಗೆ ಜಾಗ ಹಿಡಿದಿರುತ್ತದೆ. ಅದನ್ನು ಐದು ವರ್ಷಕ್ಕೇ ಕೀಳಬೇಕಾಗಿ ಬಂದರೆ ಹಿಂದಿನ ಹಲ್ಲು ಮುಂದಕ್ಕೆ ವಾಲಿ ಆ ಜಾಗಕ್ಕೆ ಬರುತ್ತದೆ. ಹನ್ನೊಂದನೇ ವರ್ಷಕ್ಕೆ ಹುಟ್ಟಬೇಕಾದ ಹಲ್ಲಿಗೆ ದಾರಿಯೇ ಇರುವುದಿಲ್ಲ. ಅಕ್ಕಪಕ್ಕ ತಿರುಚಿಕೊಂಡು ಬರುತ್ತದೆ, ಇಲ್ಲವೇ ಒಳಗೇ ಸಿಕ್ಕಿಕೊಳ್ಳುತ್ತದೆ. ಆಗ ತಂತಿ ಹಾಕಿಸಲು ಆಗುವ ಖರ್ಚಿನ ಮುಂದೆ ಇವತ್ತಿನ ಕ್ಯಾಪಿನ ಖರ್ಚು ಏನೂ ಅಲ್ಲ.

ಹಾಗಾಗಿ ಮೊದಲ ತೀರ್ಮಾನ: ಆ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸಿ. ಮಕ್ಕಳಿಗೆ ಹಾಕುವುದು ಸ್ಟೀಲಿನ ರೆಡಿಮೇಡ್ ಕ್ಯಾಪ್. ನರಕ್ಕೆ ಸೋಂಕು ಹೋಗಿರದಿದ್ದರೆ, ಸೂಜಿ ಚುಚ್ಚದೆ, ಹಲ್ಲು ಕೊರೆಯದೆ, ಹುಳುಕಿನ ಮೇಲೇ ಸಿಮೆಂಟು ತುಂಬಿದ ಕ್ಯಾಪನ್ನು ಒತ್ತಿ ಕೂರಿಸುವ ವಿಧಾನವೂ ಇದೆ. ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ರೂಢಿಗೆ ತಂದದ್ದು, ಅದಕ್ಕೇ ಹಾಲ್ ಟೆಕ್ನಿಕ್ ಅನ್ನುತ್ತಾರೆ. ಕ್ರಿಮಿಗಳಿಗೆ ಆಹಾರ ಸಿಗದೆ ಒಳಗಿನ ಹುಳುಕು ಅಲ್ಲೇ ನಿಂತುಬಿಡುತ್ತದೆ. ಮೊದಲ ಒಂದೆರಡು ದಿನ ಕಚ್ಚಿದಾಗ ಎತ್ತರ ಅನಿಸುತ್ತದೆ, ಕೆಲವು ವಾರದಲ್ಲಿ ತಾನೇ ಸರಿಹೋಗುತ್ತದೆ. ಎಕ್ಸ್‌ರೇಯಲ್ಲಿ ನರಕ್ಕೆ ಸೋಂಕು ಕಂಡರೆ ಮಾತ್ರ ಮಕ್ಕಳ ರೂಟ್ ಕೆನಾಲ್ ಮಾಡಿ ಆಮೇಲೆ ಕ್ಯಾಪ್. ಅದೂ ಆಗದಷ್ಟು ಹಾಳಾಗಿದ್ದರೆ ಕಿತ್ತು, ಜಾಗ ಹಿಡಿಯಲು ಸಣ್ಣದೊಂದು ತಂತಿ ಕೂರಿಸುತ್ತಾರೆ. ಆ ತಂತಿಯನ್ನು ದಯವಿಟ್ಟು ಬೇಡ ಅನ್ನಬೇಡಿ. ತುಂಬ ಜನ ಹಲ್ಲು ಕಿತ್ತ ಕೂಡಲೇ ನೋವು ಹೋಯಿತಲ್ಲ ಅಂತ ವಾಪಸ್ ಬರುವುದೇ ಇಲ್ಲ.

ಮುಂದಿನ ನಾಲ್ಕು ಹಲ್ಲಿಗೆ ನಿಮ್ಮ ಡಾಕ್ಟರು ಹೇಳಿದ ಸಿಲ್ವರ್ ಔಷಧ ಒಳ್ಳೆಯ ಸಲಹೆ. ಅದರ ಹೆಸರು ಸಿಲ್ವರ್ ಡೈಅಮೈನ್ ಫ್ಲೋರೈಡ್. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಹಲ್ಲು ಒರೆಸಿ, ಒಣಗಿಸಿ, ಪುಟ್ಟ ಬ್ರಷ್ಷಿನಲ್ಲಿ ಒಂದು ಹನಿ ಹಚ್ಚಿ ಒಂದು ನಿಮಿಷದಷ್ಟು ಬಿಡುತ್ತಾರೆ. ನೋವಿಲ್ಲ. ಬೆಳ್ಳಿ ಅಂಶ ಕ್ರಿಮಿಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ಮೆತ್ತಗಾದ ಹಲ್ಲನ್ನು ಗಟ್ಟಿ ಮಾಡುತ್ತದೆ. ಹುಳುಕು ಇದ್ದಷ್ಟು ಜಾಗ ಮಾತ್ರ ಖಾಯಂ ಕಪ್ಪಾಗುತ್ತದೆ. ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಿಸಬೇಕು. ತುಟಿಗೆ, ಚರ್ಮಕ್ಕೆ ತಗುಲಿದರೆ ಕಂದು ಕಲೆ ಆಗಿ ಕೆಲವು ದಿನಕ್ಕೆ ಹೋಗುತ್ತದೆ, ಹೆದರಬೇಡಿ.

ಕಪ್ಪು ಹಲ್ಲು ನೋಡಿ ನೆಂಟರು ಏನಂತಾರೋ ಅನ್ನುವ ಸಂಕಟ ನನಗೆ ಅರ್ಥವಾಗುತ್ತದೆ. ಹೆಣ್ಣುಮಗು ಅಂದ ಕೂಡಲೇ ಅದು ಇನ್ನೂ ಜಾಸ್ತಿ. ಹಲ್ಲು ಉಳಿದಿರುವಷ್ಟರ ಮೇಲೆ ಬಿಳಿ ಕ್ಯಾಪ್ ಹಾಕಿಸಬಹುದು. ಅದಕ್ಕೆ ಖರ್ಚು ಜಾಸ್ತಿ, ಮಗು ಅಲುಗಾಡದೆ ಕೂರಬೇಕು. ಮೂರೂವರೆ ವರ್ಷದ ಮಗುವನ್ನು ನಾಲ್ಕು ಜನ ಹಿಡಿದುಕೊಂಡು ಮಾಡಿಸುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಆ ಭಯ ಹತ್ತು ವರ್ಷವಾದರೂ ಹೋಗುವುದಿಲ್ಲ. ಈಗ ಸಿಲ್ವರ್ ಹಚ್ಚಿಸಿ ಹುಳುಕು ನಿಲ್ಲಿಸಿ. ಒಂದು ವರ್ಷದಲ್ಲಿ ಮಗು ಕುರ್ಚಿಗೆ ಹೊಂದಿಕೊಂಡ ಮೇಲೆ ಬಿಳಿ ಮಾಡಿಸುವ ಯೋಚನೆ ಮಾಡಬಹುದು.

ಈಗ ಇದೆಲ್ಲ ಯಾಕಾಯಿತು ಅನ್ನುವುದಕ್ಕೆ ಬರೋಣ. ಕಾರಣ ನಿಲ್ಲದಿದ್ದರೆ ಚಿಕಿತ್ಸೆ ವ್ಯರ್ಥ.

ಮಗಳ ಕೆಳಗಿನ ಮುಂದಿನ ನಾಲ್ಕು ಹಲ್ಲು ನೋಡಿ. ಬಹುಶಃ ಬೆಳ್ಳಗೆ ಚೆನ್ನಾಗಿರುತ್ತವೆ. ಬಾಟಲಿ ಚೀಪುವಾಗ ನಾಲಿಗೆ ಕೆಳಗಿನ ಹಲ್ಲುಗಳನ್ನು ಮುಚ್ಚಿಕೊಂಡಿರುತ್ತದೆ. ಜೊಲ್ಲು ಬರುವ ನಾಳವೂ ಅಲ್ಲೇ ಹತ್ತಿರ ಇದೆ. ಮೇಲಿನ ಹಲ್ಲುಗಳಿಗೆ ಆ ಎರಡು ರಕ್ಷಣೆಯೂ ಇಲ್ಲ. ನಿದ್ದೆಯಲ್ಲಿ ಜೊಲ್ಲು ತುಂಬ ಕಡಿಮೆಯಾಗುತ್ತದೆ, ನುಂಗುವುದೂ ಕಡಿಮೆ. ಸಿಹಿಹಾಲು ಮೇಲಿನ ಹಲ್ಲುಗಳ ಸುತ್ತ ಗಂಟೆಗಟ್ಟಲೆ ನಿಲ್ಲುತ್ತದೆ. ಹಲ್ಲಿನ ಮೇಲಿರುವ ಬ್ಯಾಕ್ಟೀರಿಯಾ ಆ ಸಕ್ಕರೆಯನ್ನು ಆಮ್ಲ ಮಾಡುತ್ತದೆ. ಆಮ್ಲ ಎನಾಮಲಿನಿಂದ ಸುಣ್ಣದಂಶವನ್ನು ಕರಗಿಸುತ್ತದೆ. ಮೇಲೆ ಕೆಟ್ಟು, ಕೆಳಗೆ ಚೆನ್ನಾಗಿರುವ ಈ ಲಕ್ಷಣ ಕಂಡರೆ ನಾವು ಮೊದಲು ಕೇಳುವುದೇ ರಾತ್ರಿ ಬಾಟಲಿ ಬಗ್ಗೆ.

ನಿಮ್ಮನ್ನು ಬೈಯಲು ಇದನ್ನು ಹೇಳುತ್ತಿಲ್ಲ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ರೇಷ್ಮೆಹುಳು ಮನೆ ತುಂಬ ಇದ್ದಾಗ ರಾತ್ರಿ ಹತ್ತು ಹನ್ನೊಂದಕ್ಕೂ ಸೊಪ್ಪು ಹಾಕಬೇಕು, ಬೆಳಗಿನ ಜಾವ ಮತ್ತೆ ಏಳಬೇಕು. ಆ ಹೊತ್ತಲ್ಲಿ ಮಗು ಒಂದು ಬಾಟಲಿಗೆ ಸುಮ್ಮನಾದರೆ ಯಾವ ತಾಯಿ ಬೇಡ ಅಂದಾಳು? ಹಾಗಾಗಿ ಒಂದೇ ರಾತ್ರಿಗೆ ನಿಲ್ಲಿಸಿ ಅಂತ ಹೇಳುವುದಿಲ್ಲ. ಹುಳು ಹಣ್ಣಾದ ಮೇಲೆ ಗೂಡು ಕಟ್ಟಲು ಬಿಟ್ಟು, ಮುಂದಿನ ಚಾಕಿ (ಮರಿಹುಳು) ತರುವ ಮುಂಚೆ ಸ್ವಲ್ಪ ಬಿಡುವು ಸಿಗುತ್ತದಲ್ಲ, ಆಗ ಶುರು ಮಾಡಿ. ಮೊದಲ ಎರಡು ಮೂರು ದಿನ ಸಕ್ಕರೆ ಮಾತ್ರ ತೆಗೆಯಿರಿ. ಆಮೇಲೆ ಹಾಲಿಗೆ ಕಾಲು ಭಾಗ ನೀರು, ಮತ್ತೆರಡು ದಿನ ಬಿಟ್ಟು ಅರ್ಧ, ಆಮೇಲೆ ಮುಕ್ಕಾಲು. ಕೊನೆಗೆ ಬರೀ ನೀರು. ಬರೀ ನೀರಿಗೆ ಹೆಚ್ಚಿನ ಮಕ್ಕಳು ತಾವೇ ಬಾಟಲಿ ಬಿಡುತ್ತಾರೆ. ಒಂದೆರಡು ರಾತ್ರಿ ರಂಪ ಆಗಿಯೇ ಆಗುತ್ತದೆ. ಹಾಲು ನಿಲ್ಲಿಸಬೇಕಾಗಿಲ್ಲ. ಸಂಜೆ ಊಟದ ಜೊತೆ ಲೋಟದಲ್ಲಿ ಕೊಡಿ. ಹಲ್ಲುಜ್ಜಿದ ಮೇಲೆ ಬೆಳಗಿನವರೆಗೆ ನೀರು ಬಿಟ್ಟು ಏನೂ ಬೇಡ.

ಹಗಲಿನ ಲೆಕ್ಕ ಬೇರೆ. ಮನೆಯವರೆಲ್ಲ "ಸಿಹಿ ಜಾಸ್ತಿ ಕೊಡಲ್ಲ ಡಾಕ್ಟ್ರೇ" ಅನ್ನುತ್ತಾರೆ, ನಿಜವೂ ಇರಬಹುದು. ಹಲ್ಲಿಗೆ ಎಷ್ಟು ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದು ದೊಡ್ಡದು. ಒಂದು ಸಲ ಸಿಹಿ ಬಾಯಿಗೆ ಹೋದರೆ ಸುಮಾರು ಅರ್ಧ ಗಂಟೆ ಆಮ್ಲದ ಹೊತ್ತು. ಆಮೇಲೆ ಜೊಲ್ಲು ನಿಧಾನವಾಗಿ ಅದನ್ನು ತಟಸ್ಥ ಮಾಡಿ, ಕಳೆದುಹೋದ ಸುಣ್ಣದಂಶವನ್ನು ಹಲ್ಲಿಗೆ ವಾಪಸ್ ತುಂಬುತ್ತದೆ. ಇಡೀ ಹೋಳಿಗೆಯನ್ನು ಊಟದ ಜೊತೆ ತಿಂದರೆ ಒಂದು ಸಲದ ಪೆಟ್ಟು. ಅದೇ ಒಂದು ಚಿಕ್ಕ ಬಿಸ್ಕತ್ ಪ್ಯಾಕೆಟನ್ನು ಕೈಯಲ್ಲಿ ಹಿಡಿದು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಒಂದೊಂದೇ ತಿಂದರೆ ಜೊಲ್ಲಿಗೆ ಕೆಲಸ ಮಾಡಲು ಬಿಡುವೇ ಸಿಗುವುದಿಲ್ಲ.

ಬಿಸ್ಕತ್ತಿನ ಬಗ್ಗೆ ನೀವೇ ಒಂದು ಪರೀಕ್ಷೆ ಮಾಡಿ. ಮಗಳು ಬಿಸ್ಕತ್ ತಿಂದು ಅರ್ಧ ಗಂಟೆ ಆದ ಮೇಲೆ ಬೆಳಕಿಗೆ ಕರೆದು ಬಾಯಿ ತೆರೆಸಿ. ಹಿಂದಿನ ದವಡೆ ಹಲ್ಲಿನ ಮೇಲಿನ ಗೀರುಗಳಲ್ಲಿ ಕಡ್ಡಿ ಆಡಿಸದೆ ಸುಮ್ನೆ ನೋಡಿ. ಕಲಸಿದ ಮೈದಾದ ಹಾಗೆ ಕಂದು ಹಿಟ್ಟು ತುಂಬಿಕೊಂಡಿರುತ್ತದೆ. ನೀರು ಮುಕ್ಕಳಿಸಿದರೂ ಪೂರ್ತಿ ಹೋಗುವುದಿಲ್ಲ. ಚಾಕಲೇಟಿಗೆ ಮಾತ್ರ ಹೆದರುವ ತಾಯಂದಿರು ಇದನ್ನು ನೋಡಿದ ದಿನದಿಂದ ಬಿಸ್ಕತ್ ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಸೇರಿಸುತ್ತಾರೆ.

ಬೆಲ್ಲ, ಜೇನು, ಕಲ್ಲುಸಕ್ಕರೆ ಒಳ್ಳೆಯದಲ್ವಾ ಅಂತ ಕೇಳುತ್ತಾರೆ. ಹಲ್ಲಿನ ಕ್ರಿಮಿಗಳಿಗೆ ಅವೆಲ್ಲ ಒಂದೇ. ರಾಗಿ ಮಾಲ್ಟ್ ಒಳ್ಳೆಯ ಆಹಾರ, ಬೆಲ್ಲ ಕಡಿಮೆ ಮಾಡಿ ಊಟದ ಹೊತ್ತಿಗೆ ಕೊಡಿ. ಹಾಲಿಗೆ ಹಾಕುವ ಚಾಕಲೇಟು ಬಣ್ಣದ ಪುಡಿಗಳಲ್ಲಿ ಸಕ್ಕರೆಯೇ ಜಾಸ್ತಿ, ಅವು ಬೇಡವೇ ಬೇಡ. ಕೆಮ್ಮಿನ ಸಿರಪ್ ರಾತ್ರಿ ಕುಡಿಸಿದರೆ ಆಮೇಲೆ ನೀರು ಕುಡಿಸಿ. ಮಧ್ಯೆ ಹಸಿವು ಅಂದರೆ ಪುಡಿ ಮಾಡಿದ ಹುರಿಗಡಲೆ, ಬೇಯಿಸಿದ ಕಾಳು, ಸೌತೆಕಾಯಿ, ಸೀಬೆಹಣ್ಣು, ಮೊಸರು, ಮೊಟ್ಟೆ. ಇಡೀ ಕಡಲೆಬೀಜ ಐದು ವರ್ಷದವರೆಗೆ ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಇದೆ, ಕುಟ್ಟಿ ಕೊಡಿ. ತಾತ ಅಂಗಡಿಗೆ ಹೋದಾಗ ತರುವ ಪೊಟ್ಟಣ ಎಲ್ಲ ಮನೆಯ ಸಮಸ್ಯೆ. ಅವರಿಗೆ ಬೇಜಾರು ಮಾಡಬೇಡಿ. ತಂದದ್ದನ್ನು ಮಧ್ಯಾಹ್ನದ ಊಟ ಆದ ಕೂಡಲೇ ಒಂದೇ ಸಲ ಕೊಡುವ ನಿಯಮ ಮಾಡಿಕೊಳ್ಳಿ.

ಇನ್ನು ನೀರು ಮತ್ತು ಪೇಸ್ಟಿನ ಪ್ರಶ್ನೆ. ನಿಮ್ಮ ಪಕ್ಕದ ಮನೆಯವರ ಆತಂಕಕ್ಕೆ ಕಾರಣ ಇದೆ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆಯ ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಸಮಸ್ಯೆ ಬಹಳ ಹಳೆಯದು. ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಅದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಲ್ಲಿ ವರ್ಷಗಟ್ಟಲೆ ಕುಡಿದರೆ ಗಟ್ಟಿ ಹಲ್ಲುಗಳ ಮೇಲೆ ಬಿಳಿ ಪಟ್ಟೆ, ಕಂದು ಕಲೆ ಬರುತ್ತವೆ. ತೀರಾ ಜಾಸ್ತಿಯಾದರೆ ಮೂಳೆಗೂ ತೊಂದರೆ.

ಈಗ ಲೆಕ್ಕ ಹಾಕೋಣ. 1000 ಪಿಪಿಎಂ ಪೇಸ್ಟ್ ಅಂದರೆ ಒಂದು ಗ್ರಾಂ ಪೇಸ್ಟಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್. ಅಕ್ಕಿಕಾಳಿನಷ್ಟು ಪೇಸ್ಟ್ ಸುಮಾರು 0.1 ಗ್ರಾಂ. ಅದರಲ್ಲಿರುವುದು 0.1 ಮಿಲಿಗ್ರಾಂ. ದಿನಕ್ಕೆ ಎರಡು ಸಲ ಉಜ್ಜಿ ಮಗು ಅಷ್ಟನ್ನೂ ನುಂಗಿತು ಅಂದುಕೊಳ್ಳಿ, 0.2 ಆಯಿತು. ನಿಮ್ಮ ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಇದ್ದು ಮಗು ದಿನಕ್ಕೆ ಒಂದು ಲೀಟರ್ ಕುಡಿದರೆ ಹೊಟ್ಟೆಗೆ ಹೋಗುವುದು 2 ಮಿಲಿಗ್ರಾಂ. ಹತ್ತು ಪಟ್ಟು! ಸರಿಮಾಡಬೇಕಾದ್ದು ನೀರನ್ನು, ಪೇಸ್ಟನ್ನಲ್ಲ. ಅದೂ ಅಲ್ಲದೆ, ಹುಳುಕು ತಡೆಯಲು ಫ್ಲೋರೈಡ್ ಕೆಲಸ ಮಾಡುವುದು ಮುಖ್ಯವಾಗಿ ಹಲ್ಲಿನ ಮೇಲ್ಮೈಯಲ್ಲಿ ಇದ್ದಾಗ. ಹೊಟ್ಟೆಗೆ ಹೋದ ಫ್ಲೋರೈಡಿನಿಂದ ನಿಮ್ಮ ಮಗಳ ಹುಳುಕು ನಿಲ್ಲಲಿಲ್ಲ ಅನ್ನುವುದನ್ನು ನೀವೇ ನೋಡುತ್ತಿದ್ದೀರಿ.

ಗ್ರಾಮ ಪಂಚಾಯಿತಿಯಲ್ಲಿ ನೀರಿನ ಪರೀಕ್ಷೆಯ ವರದಿ ಕೇಳಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದಲ್ಲೂ ಮಾಡಿಸಬಹುದು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದ್ದು, ಕೆಟ್ಟು ನಿಂತಿರದಿದ್ದರೆ, ಕ್ಯಾನಿನ ನೀರನ್ನು ಕುಡಿಯಲು ಮಾತ್ರವಲ್ಲ, ಮಕ್ಕಳ ಅನ್ನ ಸಾರಿಗೂ ಬಳಸಿ. ಇಲ್ಲೇ ಹೆಚ್ಚಿನ ಮನೆಗಳು ತಪ್ಪುವುದು. ಕುಡಿಯಲು ಕ್ಯಾನು, ಅಡುಗೆಗೆ ಬೋರ್‌ವೆಲ್.

ಪೇಸ್ಟ್ ತರುವಾಗ ಮೇಲಿನ ಕಾರ್ಟೂನ್ ಚಿತ್ರ ನೋಡಬೇಡಿ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಫ್ಲೋರೈಡ್ ಎಷ್ಟು ಪಿಪಿಎಂ ಅಂತ ಓದಿ. ಮಕ್ಕಳ ಪೇಸ್ಟುಗಳಲ್ಲಿ ಕೆಲವಕ್ಕೆ ಫ್ಲೋರೈಡೇ ಇರುವುದಿಲ್ಲ. ಮಗಳಿಗೆ ಬೇಕಾದ್ದು 1000 ಪಿಪಿಎಂ. ಮೂರು ದಾಟಿದ ಮಕ್ಕಳಿಗೆ ಬಟಾಣಿ ಗಾತ್ರ ಅಂತ ಸಾಮಾನ್ಯ ಸಲಹೆ. ನಿಮ್ಮ ಊರಿನ ನೀರು ನೋಡಿದರೆ, ಮಗಳು ಚೆನ್ನಾಗಿ ಉಗಿಯಲು ಕಲಿಯುವವರೆಗೆ ಅಕ್ಕಿಕಾಳಿನಷ್ಟೇ ಸಾಕು ಅನ್ನುತ್ತೇನೆ. ಉಜ್ಜಿದ ಮೇಲೆ ಉಗಿಸಿ, ನೀರು ಹಾಕಿ ಪೂರ್ತಿ ತೊಳೆದುಬಿಡಬೇಡಿ. ಹಲ್ಲುಪುಡಿ, ಇದ್ದಿಲು, ಉಪ್ಪು ಇಷ್ಟು ತೆಳು ಎನಾಮಲಿಗೆ ಬೇಡ.

ಉಜ್ಜುವುದು ನೀವು, ಮಗಳಲ್ಲ. ಏಳೆಂಟು ವರ್ಷದವರೆಗೂ ಮಕ್ಕಳ ಕೈಗೆ ಆ ಹಿಡಿತ ಬರುವುದಿಲ್ಲ. ಅತ್ತೆಯವರನ್ನೂ ಸೇರಿಸಿಕೊಳ್ಳಿ. ಇಬ್ಬರೂ ಎದುರುಬದುರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಮಗುವಿನ ತಲೆ ನಿಮ್ಮ ಮಡಿಲಲ್ಲಿ, ಕಾಲು ಅವರ ಕಡೆ ಇರುವಂತೆ ಮಲಗಿಸಿ. ಅಜ್ಜಿ ಕೈ ಹಿಡಿದು ಮಾತಾಡಿಸುತ್ತಿರಲಿ. ನೀವು ಎಡಗೈ ಬೆರಳಿಂದ ಮೇಲಿನ ತುಟಿ ಎತ್ತಿ. ಎಲ್ಲ ಹಲ್ಲೂ, ಒಸಡಿನ ಅಂಚೂ ಕಣ್ಣಿಗೆ ಕಾಣುತ್ತದೆ. ಮೆತ್ತನೆ ಬ್ರಷ್ಷನ್ನು ಒಸಡಿಗೂ ಹಲ್ಲಿಗೂ ಸೇರುವ ಗೆರೆಯ ಮೇಲಿಟ್ಟು ಚಿಕ್ಕ ಚಿಕ್ಕ ಸುತ್ತು ತಿರುಗಿಸಿ. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಬೆಳಗ್ಗೆ ಅವಸರದಲ್ಲಿ ತಪ್ಪಿದರೂ ರಾತ್ರಿಯದು ತಪ್ಪಬಾರದು.

ತುಟಿ ಎತ್ತಿದಾಗ ಚಿಕ್ಕವನ ಬಾಯನ್ನೂ ಹಾಗೇ ನೋಡುವ ಅಭ್ಯಾಸ ಮಾಡಿಕೊಳ್ಳಿ, ತಿಂಗಳಿಗೊಮ್ಮೆ ಸಾಕು. ಅವನ ಮೇಲಿನ ಹಲ್ಲುಗಳು ಬಂದ ಮೇಲೆ ಒಸಡಿನ ಅಂಚಿಗೆ ಸೀಮೆಸುಣ್ಣದಲ್ಲಿ ಎಳೆದಂಥ ಮಂಕು ಬಿಳಿ ಗೆರೆ ಕಂಡರೆ ಅದೇ ಹುಳುಕಿನ ಮೊದಲ ಹೆಜ್ಜೆ. ಒರೆಸಿ ಒಣಗಿಸಿದಾಗ ಇನ್ನೂ ಚೆನ್ನಾಗಿ ಕಾಣುತ್ತದೆ. ಆ ಹಂತದಲ್ಲಿ ಡಾಕ್ಟರ ಹತ್ತಿರ ಫ್ಲೋರೈಡ್ ವಾರ್ನಿಷ್ (ಹಲ್ಲಿಗೆ ಸವರುವ ಲೇಪ) ಹಚ್ಚಿಸಿ, ಆಹಾರ ಸರಿಮಾಡಿದರೆ ಹಲ್ಲು ಪೂರ್ತಿ ವಾಪಸ್ ಗಟ್ಟಿಯಾಗಬಲ್ಲದು. ತೂತಾದ ಮೇಲೆ ಆಗುವುದಿಲ್ಲ. ಐರನ್ ಸಿರಪ್ಪಿನಿಂದ ಬರುವ ಕಪ್ಪು ಕಲೆ ಬೇರೆ. ಅಲ್ಲಿ ಹಲ್ಲು ಗಟ್ಟಿಯಾಗೇ ಇರುತ್ತದೆ, ಮೇಲೆ ಬಣ್ಣ ಕೂತಿರುತ್ತದೆ ಅಷ್ಟೆ. ಅದಕ್ಕೆ ಹೆದರಿ ಐರನ್ ನಿಲ್ಲಿಸಬೇಡಿ, ಕ್ಲಿನಿಕ್ಕಿನಲ್ಲಿ ಪಾಲಿಶ್ ಮಾಡಿಸಿದರೆ ಹೋಗುತ್ತದೆ.

ಅವನಿಗೂ ಇವತ್ತಿನಿಂದಲೇ ಅಕ್ಕಿಕಾಳಿನ ಅರ್ಧದಷ್ಟು ಪೇಸ್ಟ್ ಸವರಿ ಎರಡು ಹಲ್ಲು ಉಜ್ಜಿ. ಎದೆಹಾಲು ನಿಲ್ಲಿಸಬೇಡಿ, ಎರಡು ವರ್ಷ ಕುಡಿಯಲಿ. ಒಂದು ವರ್ಷ ದಾಟಿದ ಮೇಲೆ ಮಾತ್ರ ರಾತ್ರಿಯಿಡೀ ಬಾಯಲ್ಲೇ ಇಟ್ಟುಕೊಂಡು ಮಲಗುವುದನ್ನು ನಿಧಾನವಾಗಿ ಬಿಡಿಸಿ. ಹುಳುಕು ತರುವ ಬ್ಯಾಕ್ಟೀರಿಯಾ ದೊಡ್ಡವರ ಜೊಲ್ಲಿನಿಂದಲೇ ಮಗುವಿಗೆ ಬರುವುದು ಜಾಸ್ತಿ. ಅಗಿದು ತಿನ್ನಿಸುವುದು, ನಿಮ್ಮ ಚಮಚದಲ್ಲೇ ಕೊಡುವುದು ಬೇಡ. ನಿಮ್ಮದೂ ಮನೆಯವರದೂ ಹುಳುಕು ಹಲ್ಲಿದ್ದರೆ ತುಂಬಿಸಿಕೊಳ್ಳಿ.

ಮಗಳಿಗೆ ನೋವು ಬಂದರೆ ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಸಿರಪ್ ಕೊಡಿ. ಹಲ್ಲಿನ ತೂತಿಗೆ ಮಾತ್ರೆ ಪುಡಿ ತುಂಬಬೇಡಿ, ಲವಂಗದ ಎಣ್ಣೆ ಸುರಿಯಬೇಡಿ, ಒಸಡು ಸುಟ್ಟುಹೋಗುತ್ತದೆ. ನೆಲಗುಳ್ಳದ ಬೀಜದ ಹೊಗೆ ಹಾಕಿ ಹಲ್ಲಿನ ಹುಳು ಬೀಳಿಸುತ್ತೇನೆ ಅನ್ನುವವರ ಹತ್ತಿರ ಕರೆದೊಯ್ಯಬೇಡಿ. ಹಲ್ಲಿನಲ್ಲಿ ಹುಳು ಇರುವುದಿಲ್ಲ. ಮಗುವಿನ ಬಾಯಿ, ಗಂಟಲು ಬೇಯುವುದಷ್ಟೇ ಲಾಭ. ಕೆನ್ನೆ ಅಥವಾ ಕಣ್ಣಿನ ಕೆಳಗೆ ಬಾವು, ಜ್ವರ, ಬಾಯಿ ತೆರೆಯಲು ನುಂಗಲು ಕಷ್ಟ, ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯದೆ ಆವತ್ತೇ ಆಸ್ಪತ್ರೆಗೆ ಹೊರಡಿ.

ಖರ್ಚಿನ ಮಾತು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರಬೇಕು. ಅವರು ಹಲ್ಲನ್ನೂ ನೋಡುತ್ತಾರೆ, ಮುಂದಿನ ಚಿಕಿತ್ಸೆಗೆ ಚೀಟಿ ಬರೆದುಕೊಡುತ್ತಾರೆ. ಬರುವ ದಿನ ಯಾವತ್ತು ಅಂತ ಅಂಗನವಾಡಿ ಟೀಚರನ್ನು ಕೇಳಿಟ್ಟುಕೊಳ್ಳಿ. ಬೆಂಗಳೂರಿಗೆ ಬರಲು ಸಾಧ್ಯವಾದರೆ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ಮಕ್ಕಳ ದಂತ ವಿಭಾಗ ಇದೆ. ಚೀಟಿ ಮಾಡಿಸುವಾಗ ಮಕ್ಕಳ ವಿಭಾಗ ಅಂತಲೇ ಹೇಳಿ. ಹೋಗುವಾಗ ಪಟ್ಟಣದ ಡಾಕ್ಟರು ತೆಗೆಸಿದ ಎಕ್ಸ್‌ರೇ ಇದ್ದರೆ ಅದು, ನೀರಿನ ವರದಿ, ಮಗಳು ಕುಡಿಯುತ್ತಿರುವ ಸಿರಪ್ಪುಗಳ ಬಾಟಲಿ, ಇಷ್ಟನ್ನು ಚೀಲಕ್ಕೆ ಹಾಕಿಕೊಳ್ಳಿ. ಹೊರಡುವ ಮುಂಚೆ "ಸೂಜಿ ಚುಚ್ಚಲ್ಲ, ಏನೂ ಮಾಡಲ್ಲ" ಅಂತ ಮಗುವಿಗೆ ಸುಳ್ಳು ಭರವಸೆ ಕೊಡಬೇಡಿ. "ಡಾಕ್ಟರು ಹಲ್ಲು ಎಣಿಸುತ್ತಾರೆ" ಅಂತ ಹೇಳಿ ಸಾಕು.

ಆರನೇ ವರ್ಷ ಹತ್ತಿರ ಬಂದಾಗ ಮತ್ತೊಮ್ಮೆ ಎಚ್ಚರ ಬೇಕು. ಹಾಲುದವಡೆಗಳ ಹಿಂದೆ, ಯಾವ ಹಲ್ಲೂ ಬೀಳದೆ, ಹೊಸದೊಂದು ದೊಡ್ಡ ಹಲ್ಲು ಹುಟ್ಟುತ್ತದೆ. ಅದನ್ನೂ ಹಾಲುಹಲ್ಲು ಅಂದುಕೊಂಡು ಬಿಟ್ಟುಬಿಡುವವರೇ ಜಾಸ್ತಿ. ಅದು ಗಟ್ಟಿ ಹಲ್ಲು, ಹೋದರೆ ಇನ್ನೊಂದು ಬರುವುದಿಲ್ಲ. ಪೂರ್ತಿ ಮೇಲೆ ಬಂದ ಕೂಡಲೇ ಅದರ ಗೀರುಗಳನ್ನು ಸೀಲೆಂಟ್ ಹಾಕಿ ಮುಚ್ಚಿಸಿ. ಅಲ್ಲಿಯವರೆಗೆ ಮೂರು ಮೂರು ತಿಂಗಳಿಗೊಮ್ಮೆ ಮಗಳನ್ನು ತೋರಿಸುತ್ತಿರಿ. ಇಷ್ಟು ಚಿಕ್ಕ ವಯಸ್ಸಿಗೇ ಹುಳುಕು ಬಂದ ಬಾಯಿಗೆ ಆರು ತಿಂಗಳು ದೂರವಾಯಿತು.